ಹೋಮ್‌ಸ್ಟೇ ವೆಬ್‌ಸೈಟಿಗೆ ಚಿತ್ರ: ಸ್ವಂತದ್ದೋ, ತೆಗೆಸಿದ್ದೋ, ಎರವಲೋ?

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮಗ ಅಡಿಕೆ ತೋಟದ ಹಳೇ ಮನೆಯಲ್ಲಿ ಮೂರು ಕೋಣೆ ರಿಪೇರಿ ಮಾಡಿಸಿ ಹೋಮ್‌ಸ್ಟೇ ಶುರು ಮಾಡಿದ. ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಬೇಸಿಗೆಗೆ ಬಂದ ಕುಟುಂಬವೊಂದು ಕಾರಿನಿಂದ ಬ್ಯಾಗು ಇಳಿಸುವ ಮೊದಲೇ ಮೊಬೈಲ್ ಮುಂದೆ ಹಿಡಿದು, "ಈ ಫಾಲ್ಸ್ ಯಾವ ಕಡೆ ಬರುತ್ತೆ?" ಎಂದು ಕೇಳಿತಂತೆ. ತೋಟದ ಹಿಂದಿನ ಹಳ್ಳ ಅದು. ಜುಲೈಯಲ್ಲಿ ಫಾಲ್ಸೇ ಹೌದು. ಏಪ್ರಿಲ್‌ನಲ್ಲಿ ನಾಲ್ಕು ಬಂಡೆ, ನಡುವೆ ಒಂದಿಷ್ಟು ಪಾಚಿ. ಆ ಫೋಟೊವನ್ನು ಮೊದಲ ಪುಟದ ನೆತ್ತಿಗೆ ಹಾಕಿದವನು ನಾನೇ.

ಆಮೇಲೆ ಇನ್ನೂ ಕೆಲವು ಹೋಮ್‌ಸ್ಟೇಗಳಿಗೆ ಸೈಟ್ ಮಾಡಿಕೊಟ್ಟಿದ್ದೇನೆ. ಚಿತ್ರ ಆರಿಸುವಾಗ ಈಗ ಒಂದೇ ಲೆಕ್ಕ ಹಾಕುತ್ತೇನೆ: ಇದನ್ನು ನೋಡಿ ಬಂದವರು ಗೇಟಿನ ಹತ್ತಿರ ನಿಂತು ಮೊಬೈಲ್ ಎತ್ತಿ ಹಿಡಿದು ಹೋಲಿಸಿದರೆ ಈ ಚಿತ್ರ ನಿಲ್ಲುತ್ತದಾ? ಮೊಬೈಲಿನಲ್ಲಿ ತೆಗೆಯುವುದೋ ಫೋಟೊಗ್ರಾಫರ್ ಕರೆಸುವುದೋ, ಪುಕ್ಕಟೆ ಚಿತ್ರವೋ ಎಐ ಚಿತ್ರವೋ ಎನ್ನುವ ತಕರಾರುಗಳೆಲ್ಲ ಹೆಚ್ಚುಕಮ್ಮಿ ಈ ಒಂದು ಪ್ರಶ್ನೆಗೇ ಬಗೆಹರಿಯುತ್ತವೆ.

ಮೊಬೈಲೋ, ಫೋಟೊಗ್ರಾಫರೋ

ಕೋಣೆ, ಜಗಲಿ, ಊಟ, ಮನೆಗೆ ಬರುವ ಮಣ್ಣುರಸ್ತೆ ಇವಕ್ಕೆ ಮೊಬೈಲ್ ಸಾಕು. ಮನೆಯಲ್ಲೇ ಇರುವವರಿಗೆ ಒಂದು ಅನುಕೂಲವಿದೆ, ಅದು ಹೊರಗಿನಿಂದ ಬಂದವರಿಗೆ ಇಲ್ಲ: ಕಾಯಬಹುದು. ಅಡಿಕೆ ತೋಟದೊಳಗೆ ನಡುಮಧ್ಯಾಹ್ನ ತೆಗೆದ ಫೋಟೊದಲ್ಲಿ ಮೇಲೆ ಬೆಳ್ಳಗೆ ಸುಟ್ಟ ಆಕಾಶ, ಕೆಳಗೆ ಕಪ್ಪು ನೆಲ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಅದೇ ಜಾಗಕ್ಕೆ ಬೆಳಗಿನ ಮಂಜು ಇರುವಾಗಲೋ ಮೋಡ ಮುಚ್ಚಿದ ದಿನವೋ ಹೋದರೆ ಮೂರೇ ಫೋಟೊಕ್ಕೆ ಕೆಲಸ ಮುಗಿಯುತ್ತದೆ. ತೆಗೆಯುವ ಮೊದಲು ಲೆನ್ಸ್ ಒರೆಸಿಕೊಳ್ಳಿ. ಅಡುಗೆಮನೆಯಿಂದ ಬಂದ ಕೈಯ ಎಣ್ಣೆ ಮೆತ್ತಿ ಹಾಳಾದ ಫೋಟೊಗಳೇ ನಮ್ಮ ಫೋಲ್ಡರಿನಲ್ಲಿ ಅರ್ಧ ಇದ್ದವು.

ಒಂದು ಎಚ್ಚರಿಕೆ. ಮೊಬೈಲಿನ 0.5 ಲೆನ್ಸಿನಲ್ಲಿ ಕೋಣೆ ಎಳೆದು ದೊಡ್ಡದಾಗಿ ಕಾಣುತ್ತದೆ, ಹತ್ತಕ್ಕೆ ಹತ್ತರ ಕೋಣೆ ಛತ್ರದ ಹಾಲ್ ಆಗುತ್ತದೆ. ಬಂದವರಿಗೆ ಬಾಗಿಲಲ್ಲೇ ಮೋಸ ಹೋದ ಭಾವ. ಬಾಗಿಲಲ್ಲಿ ನಿಂತು ಎದೆಮಟ್ಟದಲ್ಲಿ ಹಿಡಿದು ಸಾಮಾನ್ಯ ಲೆನ್ಸಿನಲ್ಲೇ ತೆಗೆಯಿರಿ. ಒಂದು ಗೋಡೆ ಕಾಣದಿದ್ದರೆ ಇನ್ನೊಂದು ಫೋಟೊ ಹಾಕಿದರಾಯಿತು. ಬಚ್ಚಲುಮನೆಯ ಫೋಟೊ ಎಲ್ಲರೂ ಮರೆಯುತ್ತಾರೆ. ಫೋನು ಮಾಡುವವರು, ಅದರಲ್ಲೂ ವಯಸ್ಸಾದವರನ್ನು ಕರೆತರುವವರು, ಮೊದಲು ಕೇಳುವುದು ಅದನ್ನೇ.

ಫೋಟೊಗ್ರಾಫರ್ ಬೇಕಾಗುವುದು ದೀಪ ಹಚ್ಚಿದ ಸಂಜೆಯ ಮನೆ, ಕತ್ತಲೆ ಕೋಣೆಯೊಳಗಿಂದ ಕಿಟಕಿಯಾಚೆಯ ತೋಟ, ಹೊಗೆಯಾಡುವ ಕಡುಬು ಇಂಥವಕ್ಕೆ. ಇವು ಮೊಬೈಲಿಗೆ ಕಷ್ಟ. ಅರ್ಧ ದಿನಕ್ಕೆ ಕರೆಸಿ, ಬೇಕಾದ ಹತ್ತು ಫೋಟೊಗಳ ಪಟ್ಟಿ ಕೈಗೆ ಕೊಡಿ. ಪಟ್ಟಿ ಇಲ್ಲದಿದ್ದರೆ ಮದುವೆ ಆಲ್ಬಮ್ಮಿನಂತೆ ಬಾಗಿಲ ಚಿಲಕದ್ದೇ ಎಂಟು ಕ್ಲೋಸಪ್ ಬರುತ್ತದೆ.

ಹಣ ಕೊಟ್ಟು ತೆಗೆಸಿದ ಫೋಟೊ ಯಾರದು? ಭಾರತದ ಕೃತಿಸ್ವಾಮ್ಯ ಕಾಯಿದೆ, ಅಂದರೆ 1957ರ ಕಾಪಿರೈಟ್ ಕಾಯಿದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಹಣ ಕೊಟ್ಟು ತೆಗೆಸಿದವರೇ ಮೊದಲ ಒಡೆಯರು. 'ಬೇರೆ ಒಪ್ಪಂದ ಇಲ್ಲದಿದ್ದರೆ' ಎನ್ನುವುದನ್ನು ಅಡಿಗೆರೆ ಎಳೆದು ಓದಿ. ಅವರು ಕಳಿಸುವ ಕೊಟೇಶನ್ನಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದಿರಬಹುದು. "ಸೈಟಿಗೆ, ಬುಕಿಂಗ್ ಆ್ಯಪ್‌ಗಳಿಗೆ, ಕರಪತ್ರಕ್ಕೆ ನಾವು ಬಳಸುತ್ತೇವೆ, ನಿಮ್ಮ ಹೆಸರು ಹಾಕುತ್ತೇವೆ" ಎಂದು ಮೊದಲೇ ಒಂದು ಮೆಸೇಜಿನಲ್ಲಾದರೂ ಮಾತು ಮುಗಿಸಿಕೊಳ್ಳಿ. ಫೋಟೊಗಳನ್ನು ಡ್ರೈವ್‌ನಲ್ಲಿ ಹಾಕಿಸಿಕೊಳ್ಳಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿಯೇ ತಲುಪಿಸುತ್ತದೆ. ಅಲ್ಲೇ ಕಳಿಸಬೇಕೆಂದಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಲಿ.

'ಕೃಪೆ: ಅಂತರ್ಜಾಲ'

ಕನ್ನಡದಲ್ಲಿ ಎಲ್ಲೆಲ್ಲೂ ಕಾಣುವ ಚಿತ್ರಶೀರ್ಷಿಕೆ ಇದು. ದಾರಿಯಲ್ಲಿ ನಿಲ್ಲಿಸಿದ್ದ ಯಾರದೋ ಸ್ಕೂಟರ್ ಓಡಿಸಿಕೊಂಡು ಹೋಗಿ ಹಿಂದೆ 'ಕೃಪೆ: ರಸ್ತೆ' ಎಂದು ಬರೆಸಿದಂತೆ. ಗೂಗಲ್ ಚಿತ್ರ ತೋರಿಸುತ್ತದೆ, ಅದರ ಒಡೆಯ ಗೂಗಲ್ ಅಲ್ಲ. ಫೋಟೊಕ್ಕೆ ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ, ಮೂಲೆಯಲ್ಲಿ ಹೆಸರಿನ ಗುರುತೂ ಬೇಕಿಲ್ಲ. ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಇನ್ನೂ 60 ವರ್ಷ ಆ ಹಕ್ಕು ಇರುತ್ತದೆ. ಕಾನೂನು ಹಾಗಿರಲಿ, ನಮ್ಮ ಗೇಟಿನ ಪರೀಕ್ಷೆಯಲ್ಲೂ ಇದು ಮೊದಲು ಬೀಳುತ್ತದೆ: 'ಮಲೆನಾಡು' ಎಂದು ಹುಡುಕಿ ಇಳಿಸಿಕೊಂಡ ಚಿತ್ರ ಎಷ್ಟೋ ಸಲ ಮುನ್ನಾರಿನದ್ದಾಗಿರುತ್ತದೆ. ಚಹಾ ತೋಟ ಕಂಡರೆ ಅನುಮಾನಪಡಿ.

ಹಾಗೆಂದು ಎರವಲು ತರುವುದೇ ತಪ್ಪಲ್ಲ. ಅತಿಥಿಗಳಿಗೆ ಸುತ್ತಮುತ್ತ ನೋಡುವ ಜಾಗ ತೋರಿಸಬೇಕು: ಕವಲೇದುರ್ಗ, ಕುಪ್ಪಳಿಯ ಕವಿಮನೆ, ಆಗುಂಬೆ, ಜೋಗ. ಎಲ್ಲ ಕಡೆ ಹೋಗಿ ಒಳ್ಳೆಯ ಬೆಳಕಿಗೆ ಕಾಯುವ ಪುರುಸೊತ್ತು ಹೋಮ್‌ಸ್ಟೇ ನಡೆಸುವವರಿಗೆ ಎಲ್ಲಿಂದ ಬರಬೇಕು? ಇಲ್ಲಿ ನನ್ನ ಮೊದಲ ಆಯ್ಕೆ ವಿಕಿಮೀಡಿಯ ಕಾಮನ್ಸ್. 2004ರಿಂದ ಇರುವ ಭಂಡಾರ ಇದು, ವ್ಯಾಪಾರಕ್ಕೂ ಬಳಸಬಹುದಾದ ಚಿತ್ರಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಮುಖ್ಯ, ಫೋಟೊ ಎಲ್ಲಿಯದು, ಯಾವಾಗ ತೆಗೆದದ್ದು ಎಂಬುದು ಅಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಪುಕ್ಕಟೆ, ಆದರೆ ಷರತ್ತು ಉಂಟು. 'ಸಿಸಿ' ಎಂದರೆ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿ. 'ಸಿಸಿ ಬೈ' ಎಂದಿದ್ದರೆ ತೆಗೆದವರ ಹೆಸರು, ಪರವಾನಗಿಯ ಹೆಸರು, ಕೊಂಡಿ ಕೊಡಬೇಕು, ಚಿತ್ರ ಬದಲಿಸಿದ್ದರೆ ಹಾಗೆಂದು ಹೇಳಬೇಕು. 'ಸಿಸಿ ಬೈ-ಎಸ್ಎ' ಎಂದಿದ್ದರೆ ಇದರ ಜೊತೆಗೆ ನೀವು ಬಣ್ಣ ತಿದ್ದಿಯೋ ಅಕ್ಷರ ಸೇರಿಸಿಯೋ ಮಾಡಿಕೊಂಡ ರೂಪವನ್ನೂ ಅದೇ ಷರತ್ತಿನಲ್ಲಿ ಎಲ್ಲರಿಗೂ ಬಿಟ್ಟುಕೊಡಬೇಕು. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ 'ಕವಲೇದುರ್ಗ ಕೋಟೆ, ಚಿತ್ರ: ಇಂಥವರು, ವಿಕಿಮೀಡಿಯ ಕಾಮನ್ಸ್, ಸಿಸಿ ಬೈ-ಎಸ್ಎ 4.0' ಎಂದು ಹಾಕಿದರೆ ಸೈಟಿನ ಅಂದವೇನೂ ಕೆಡುವುದಿಲ್ಲ. ಡಿಸೈನ್ ಕೆಡುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಪುಕ್ಕಟೆ ಚಿತ್ರ ಕೊಡುವ ಸೈಟುಗಳಾದ ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇಗಳಲ್ಲಿ ಹೆಸರು ಹಾಕುವ ಕಡ್ಡಾಯವೂ ಇಲ್ಲ. ಮೂರೂ ತಮ್ಮದೇ ಪರವಾನಗಿಯಲ್ಲಿ ನಡೆಯುತ್ತವೆ. ವ್ಯಾಪಾರಕ್ಕೆ ಬಳಸಬಹುದು, ಆದರೆ ಚಿತ್ರದಲ್ಲಿ ಮುಖ ಕಾಣುವ ಮನುಷ್ಯರು ನಿಮ್ಮ ಜಾಹೀರಾತಿಗೆ ಒಪ್ಪಿದ್ದಾರೆ ಎಂಬ ಖಾತ್ರಿ ಅದರಲ್ಲಿ ಬರುವುದಿಲ್ಲ. ತಾಂತ್ರಿಕವಾಗಿ ಚಿತ್ರಗಳು ಚಂದ. ತೊಂದರೆ ಬೇರೆ. ಅಲ್ಲಿ 'ಕಾಫಿ' ಎಂದರೆ ಮೇಲೆ ಎಲೆಯ ಚಿತ್ತಾರ ಬಿಡಿಸಿದ ಲಾಟೆ. ನಮ್ಮಲ್ಲಿ ಬರುವುದು ಸ್ಟೀಲ್ ಲೋಟದ ಕಾಫಿ. 'ಸೌತ್ ಇಂಡಿಯನ್ ಬ್ರೇಕ್‌ಫಾಸ್ಟ್' ಎಂದರೆ ಇಡ್ಲಿ-ಸಾಂಬಾರ್. ಅಣ್ಣನ ಮನೆಯಲ್ಲಿ ಬೆಳಿಗ್ಗೆ ಸಿಗುವುದು ಕಡುಬು, ಇಲ್ಲವೇ ನೀರುದೋಸೆ. ಎಲೆ ಮೇಲಿನ ಮಳೆಹನಿ, ಕಲ್ಲಿನ ಮೇಲ್ಮೈ ಎಂಬಂಥ ಹಿನ್ನೆಲೆಗೆ ಇವನ್ನು ಬಳಸಿ. ಕೋಣೆ, ಊಟ, ಜನ, ಜಾಗಕ್ಕೆ ಬೇಡ. ದುಡ್ಡು ಕೊಟ್ಟು ಕೊಳ್ಳುವ ಸ್ಟಾಕ್ ಚಿತ್ರಗಳ ಬಗ್ಗೆ ಎರಡೇ ಮಾತು: 'ರಾಯಲ್ಟಿ ಫ್ರೀ' ಎಂದರೆ ಬಿಟ್ಟಿ ಎಂದಲ್ಲ, 'ಎಡಿಟೋರಿಯಲ್' ಎಂದು ಗುರುತಿಸಿದ್ದನ್ನು ಜಾಹೀರಾತಿಗೆ ಬಳಸುವಂತಿಲ್ಲ. ಹೋಮ್‌ಸ್ಟೇಗೆ ಈ ಖರ್ಚು ಬೇಕಿಲ್ಲ.

ಇನ್ನು ಎಐ. "ಮಳೆಗಾಲದ ಮಲೆನಾಡಿನ ಹಂಚಿನ ಮನೆ, ಹಿಂದೆ ಅಡಿಕೆ ತೋಟ" ಎಂದು ಒಂದು ಸಂಜೆ ಕೇಳಿ ನೋಡಿದೆ. ಮನೆ ಬಾಲಿಯ ರೆಸಾರ್ಟಿನಂತಿತ್ತು, ಅಡಿಕೆ ಮರ ತೆಂಗಿನ ಮರವಾಗಿತ್ತು, ಬಾಗಿಲ ಮೇಲಿನ ಕನ್ನಡ ಬೋರ್ಡಿನಲ್ಲಿ ಯಾವ ಲಿಪಿಗೂ ಸೇರದ ಜಿಲೇಬಿಗಳಿದ್ದವು. ಚಿತ್ರದಲ್ಲಿ ಅಕ್ಷರ ಮೂಡಿಸುವುದನ್ನು ಈ ಯಂತ್ರಗಳು ಬೇಗ ಕಲಿಯುತ್ತಿವೆ, ನಾಳೆ ಬೋರ್ಡೂ ಸರಿಯಾಗಬಹುದು. ಆದರೂ ಅದು ಇಲ್ಲದ ಮನೆಯ ಫೋಟೊ. ಬಾಡಿಗೆಗೆ ಕೊಡುವ ಜಾಗಕ್ಕೆ ಇಲ್ಲದ ಮನೆಯ ಫೋಟೊ ಹಾಕುವುದಕ್ಕೆ ನಮ್ಮೂರಲ್ಲಿ ಬೇರೆ ಹೆಸರಿದೆ. ದಾರಿಯ ನಕ್ಷೆಯ ಅಂಚಿನ ಅಲಂಕಾರಕ್ಕೋ ಸಣ್ಣ ರೇಖಾಚಿತ್ರಕ್ಕೋ ಬಳಸಿದರೆ ನನ್ನ ತಕರಾರಿಲ್ಲ, ಎಐ ಮಾಡಿದ್ದೆಂದು ಒಂದು ಸಾಲು ಬರೆಯಿರಿ.

ಮುಖ ಬೇಡ, ಕೈ ತೆಗೀರಿ

ಅಡಿಕೆ ಸುಲಿಯುವ ಸಮಯದಲ್ಲಿ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತಿರುತ್ತಾರೆ. ಸೈಟಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ. ಕ್ಯಾಮೆರಾ ಎತ್ತಿದಾಗ ಒಬ್ಬಾಕೆ, "ಎಲ್ಲಿ ಹಾಕ್ತೀರಿ ಇದನ್ನ?" ಎಂದು ಕೇಳಿದರು. ಹೇಳಿದೆ. "ಮುಖ ಬೇಡ ಮಾರಾಯ್ರೆ, ಬೇಕಾದ್ರೆ ಕೈ ತೆಗೀರಿ" ಎಂದರು. ಕತ್ತಿಯ ಮೇಲೆ ಓಡುವ ಆ ಕೈಗಳ ಫೋಟೊವೇ ಈಗ ಮೊದಲ ಪುಟದಲ್ಲಿದೆ. ಮುಖ ತೆಗೆದಿದ್ದರೆ ಅದು ನಗುವ ಇನ್ನೊಂದು ಮುಖವಾಗುತ್ತಿತ್ತು ಅಷ್ಟೆ.

ಕೇಳುವುದು ಎಂದರೆ ಎಲ್ಲಿ ಹಾಕುತ್ತೇವೆಂದು ಹೇಳಿ ಕೇಳುವುದು. ಅತಿಥಿಗಳು ನಿಮ್ಮ ವಾಟ್ಸಾಪಿಗೆ ಖುಷಿಯಿಂದ ಕಳಿಸಿದ ಫೋಟೊ ಸೈಟಿಗೆ ಹಾಕಲು ಕೊಟ್ಟ ಒಪ್ಪಿಗೆಯಲ್ಲ. ಮತ್ತೊಂದು ಮೆಸೇಜು ಹಾಕಿ ಕೇಳಿ, ಉತ್ತರವನ್ನು ತೆಗೆದಿಟ್ಟುಕೊಳ್ಳಿ. ಮಕ್ಕಳ ಮುಖ ತಂದೆತಾಯಿಯ ಬರಹದ ಒಪ್ಪಿಗೆ ಇಲ್ಲದೆ ಬೇಡವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಕೆಲಸದವರ ಮನೆಯ ಹತ್ತಿರ ತೆಗೆದ ಫೋಟೊ ಹಾಕುವುದಾದರೆ ಅದರೊಳಗೆ ಮೊಬೈಲ್ ಬರೆದಿಟ್ಟಿರುವ ಜಾಗದ ಗುರುತನ್ನೂ ಅಳಿಸಿ ಹಾಕಿ.

ನಮ್ಮ ಜಗಲಿಯ ಗೋಡೆಯ ಮೇಲೆ ಸಾಗರದ ಕಡೆಯ ಕಲಾವಿದೆಯೊಬ್ಬರು ಹಸೆ ಚಿತ್ತಾರ ಬರೆದುಕೊಟ್ಟಿದ್ದಾರೆ, ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆಯುವಂಥದ್ದು. ಅದರ ಫೋಟೊ ಸೈಟಿನಲ್ಲಿದೆ. ಹಣ ಕೊಟ್ಟು ಬರೆಸಿದ್ದರೂ ಇದನ್ನು ಬರೆದವರು ತಾವೆಂದು ಹೇಳಿಸಿಕೊಳ್ಳುವ ಹಕ್ಕು ಕಾಪಿರೈಟ್ ಕಾಯಿದೆಯ 57ನೇ ಕಲಮಿನ ಪ್ರಕಾರ ಅವರಲ್ಲೇ ಉಳಿಯುತ್ತದೆ. ಮೊದಲ ಸಲ ನಾವು 'ಸಾಂಪ್ರದಾಯಿಕ ಚಿತ್ತಾರ' ಎಂದಷ್ಟೇ ಬರೆದಿದ್ದೆವು. ಈಗ ಅವರ ಹೆಸರಿದೆ. ಅದನ್ನು ನೋಡಿ ಅವರಿಗೆ ಇನ್ನೆರಡು ಮನೆಯ ಕೆಲಸ ಸಿಕ್ಕಿತು.

ಬರಹವನ್ನು ಚಿತ್ರ ಮಾಡುವ ಚಾಳಿ

ಕನ್ನಡದ ಸೈಟುಗಳಲ್ಲಿ ಅತಿ ಹೆಚ್ಚು ಕಾಣುವ ಚಿತ್ರ ಯಾವುದು ಗೊತ್ತೇ? ಅಕ್ಷರದ ಚಿತ್ರ. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಫ್ಲೆಕ್ಸಿಗೆಂದು ಮಾಡಿಸಿದ ಡಿಸೈನು, ಅದರಲ್ಲೇ ಬಾಡಿಗೆ ದರ, ಊಟದ ವಿವರ, ದಾರಿ, ಫೋನ್ ನಂಬರು. ಅದನ್ನೇ ಜೆಪೆಗ್ ಮಾಡಿ ಸೈಟಿಗೂ ಅಂಟಿಸಿಬಿಡುತ್ತಾರೆ. ಈ ಚಾಳಿಗೆ ಒಂದು ಇತಿಹಾಸ ಇದೆ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮೊದಲು 'ನುಡಿ', 'ಬರಹ' ಎಂಬ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾಗುತ್ತಿತ್ತು. ಚಿತ್ರ ಮಾಡಿ ಹಾಕುವುದೇ ಆಗ ಸುರಕ್ಷಿತ ದಾರಿ. ಆ ಕಾಲ ಹೋಗಿ ಎಷ್ಟೋ ವರ್ಷವಾಯಿತು, ಚಾಳಿ ಉಳಿದಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿತ್ರದೊಳಗಿನ 'ತೀರ್ಥಹಳ್ಳಿ ಹೋಮ್‌ಸ್ಟೇ' ಹುಡುಕಾಟದಲ್ಲಿ ಸಿಗುತ್ತದೆಂಬ ನಂಬಿಕೆಯಿಲ್ಲ, ಬರಹವಾಗಿದ್ದರೆ ಸಿಗುತ್ತದೆ. ಚಿತ್ರದೊಳಗಿನ ಫೋನ್ ನಂಬರನ್ನು ಒತ್ತಿ ಕರೆ ಮಾಡಲು ಬರುವುದಿಲ್ಲ. ದರ ಏರಿಸಬೇಕೆಂದರೆ ಮತ್ತೆ ಡಿಟಿಪಿ ಅಂಗಡಿಗೆ ಹೋಗಬೇಕು, ಅವನು ಜಾತ್ರೆಗೆ ಹೋಗಿರುತ್ತಾನೆ. ಅಗಲದ ಫ್ಲೆಕ್ಸು ಮೊಬೈಲಿನ ಪರದೆಗೆ ಕುಗ್ಗಿದಾಗ ಅಕ್ಷರ ಇರುವೆಸಾಲಾಗುತ್ತದೆ. ಇದರಲ್ಲಿ ಕನ್ನಡಕ್ಕೆ ಆಗುವ ಪೆಟ್ಟು ಇಂಗ್ಲಿಷಿಗಿಂತ ಹೆಚ್ಚು: ಜೆಪೆಗ್ ಮಾಡಿ ಹಿಂಡಿದಾಗ ಗೆರೆಯಂಚಿನ ಸುತ್ತ ಮಸಿ ಕದಡಿದಂತಾಗುತ್ತದೆ, ಮೊದಲು ಸಾಯುವುದು ಒತ್ತಕ್ಷರ. ದೃಷ್ಟಿ ಇಲ್ಲದವರು ಬಳಸುವ ಟಾಕ್‌ಬ್ಯಾಕ್ ಅಥವಾ ಎನ್‌ವಿಡಿಎ ಕನ್ನಡ ಬರಹವನ್ನು ಓದಿ ಹೇಳುತ್ತದೆ. ಫ್ಲೆಕ್ಸಿನ ಜೆಪೆಗ್ ಎದುರಾದರೆ ಅದರಿಂದ ದರದ ಪಟ್ಟಿ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಅಂದ ಬೇಕೆಂಬುದೇ ಕಾರಣವಾದರೆ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಇವೆಲ್ಲ ಪುಕ್ಕಟೆ ಸಿಗುವ ಯೂನಿಕೋಡ್ ಫಾಂಟುಗಳು, ಗೂಗಲ್ ಫಾಂಟ್ಸ್‌ನಿಂದ ಸೈಟಿಗೆ ನೇರ ಜೋಡಿಸಬಹುದು. ಫೋಟೊ ಮೇಲೆ ಬರಹ ಕೂರಿಸುವುದಿದ್ದರೂ ಬರಹವನ್ನು ಬೇರೆ ಪದರವಾಗಿಯೇ ಇಡಿ, ಹಿಂದೆ ಒಂದಿಷ್ಟು ಕಪ್ಪು ನೆರಳು ಕೊಡಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ಅಂತರ ಇರಬೇಕೆಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮಂಜಿನ ಮೇಲೆ ಬಿಳಿ ಅಕ್ಷರ ಬರೆಯುವ ಮಲೆನಾಡಿನ ಸೈಟುಗಳು ಇದನ್ನು ದಿನವೂ ಮುರಿಯುತ್ತವೆ. ಲೋಗೊ ಚಿತ್ರವಾಗಿಯೇ ಇರಲಿ. ವಾಟ್ಸಾಪ್ ಸ್ಟೇಟಸ್ಸಿಗೆ ಪೋಸ್ಟರೇ ಸರಿ, ಅದು ಬೇರೆ ಸಂತೆ.

ಇನ್ನು ಆಲ್ಟ್ ಬರಹ, ಅಂದರೆ ಚಿತ್ರ ಕಾಣದವರಿಗೆ ಓದಿ ಹೇಳಲೆಂದು ಚಿತ್ರದ ಜೊತೆ ಕೋಡಿನಲ್ಲಿ ಕೊಡುವ ವಿವರಣೆ. 'ಐಎಂಜಿ 2043' ಎಂದು ಬಿಟ್ಟರೆ ಓದುವ ತಂತ್ರಾಂಶ ಅದನ್ನೇ ಗಟ್ಟಿಯಾಗಿ ಓದುತ್ತದೆ. 'ಸುಂದರ ಕೋಣೆ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಮಹಡಿ ಕೋಣೆ: ಎರಡು ಮಂಚ, ತೋಟದ ಕಡೆ ಕಿಟಕಿ, ಹತ್ತಲು ಕಡಿದಾದ ಮರದ ಮೆಟ್ಟಿಲು' ಎಂದು ಬರೆಯಿರಿ. ಮೆಟ್ಟಿಲಿನ ಸಂಗತಿ ಕಣ್ಣಿದ್ದವರಿಗೂ ಬೇಕಾದ್ದೇ, ಅದನ್ನು ಚಿತ್ರದ ಕೆಳಗೂ ಹಾಕಿ. ಬರೀ ಅಲಂಕಾರದ ಬಳ್ಳಿಗೆ ಆಲ್ಟ್ ಖಾಲಿ ಬಿಡಿ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಹೇಳದಿದ್ದರೆ ಕೆಲವು ತಂತ್ರಾಂಶಗಳು ಇಂಗ್ಲಿಷ್ ಧ್ವನಿಯಲ್ಲೇ ತಡವರಿಸುತ್ತವೆ.

ತೂಕ

12 ಮೆಗಾಪಿಕ್ಸೆಲ್ಲಿನ ಒಂದು ಫೋಟೊ 4000×3000 ಚುಕ್ಕಿ, ಸುಮಾರು 4 ಎಂಬಿ. ನಮ್ಮ ಕಡೆ ಗುಡ್ಡದ ಮರೆಯಲ್ಲಿ 2 ಎಂಬಿಪಿಎಸ್ (ಸೆಕೆಂಡಿಗೆ ಕಾಲು ಎಂಬಿ) ಸಿಕ್ಕಿದರೆ ಅದೇ ಹಬ್ಬ. ಆ ವೇಗದಲ್ಲಿ ಈ ಒಂದು ಫೋಟೊ ಇಳಿಯಲು 16 ಸೆಕೆಂಡು. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕೆಂದು ಗೂಗಲ್ ಹೇಳುತ್ತದೆ. ಅಗಲವನ್ನು 1600 ಚುಕ್ಕಿಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ನೂರಕ್ಕೆ 75ರ ಆಸುಪಾಸಿನ ಗುಣಮಟ್ಟಕ್ಕೆ ಉಳಿಸಿದರೆ ಬಹುತೇಕ ಫೋಟೊಗಳು 200-300 ಕೆಬಿಗೆ ಬರುತ್ತವೆ, ಎಲೆ ಹುಲ್ಲು ತುಂಬಿದ್ದು ಸ್ವಲ್ಪ ಹೆಚ್ಚು. ಮೊಬೈಲಿಗೆಂದು 800 ಚುಕ್ಕಿಯ ಇನ್ನೊಂದು ಪ್ರತಿ ಇಟ್ಟರೆ ಇನ್ನೂ ಒಳ್ಳೆಯದು. ಗೂಗಲ್‌ನವರ ಸ್ಕ್ವೂಶ್ ಎಂಬ ಸೈಟಿನಲ್ಲಿ ಮೊದಲಿನದ್ದನ್ನೂ ಹಿಂಡಿದ್ದನ್ನೂ ಅಕ್ಕಪಕ್ಕ ಎಳೆದು ನೋಡಿ ಹೋಲಿಸಬಹುದು, ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ.

ರೂಪಗಳಲ್ಲಿ ಯಾವುದು? 1992ರ ಜೆಪೆಗ್ ಎಲ್ಲ ಕಡೆ ನಡೆಯುತ್ತದೆ, ಗೊತ್ತಿಲ್ಲದಿದ್ದರೆ ಅದೇ ಇರಲಿ. 2010ರಲ್ಲಿ ಗೂಗಲ್ ತಂದ ವೆಬ್‌ಪಿ, ಅವರದೇ ಅಳತೆಯಲ್ಲಿ, ಅಷ್ಟೇ ಗುಣದ ಜೆಪೆಗ್‌ಗಿಂತ 25ರಿಂದ 34 ಶೇಕಡ ಹಗುರ. 2020ರಲ್ಲಿ ಸಫಾರಿಯೂ ಅದನ್ನು ಒಪ್ಪಿದ ಮೇಲೆ ಹಿಂಜರಿಯಲು ಕಾರಣವಿಲ್ಲ. ಎವಿಐಎಫ್ ಇನ್ನೂ ಹಗುರ, ಆದರೆ ಹಳೇ ಫೋನುಗಳಿಗಾಗಿ ಜೊತೆಗೊಂದು ಜೆಪೆಗ್ ಇಡುವ ಕೋಡು ಬರೆಯಲು ಗೊತ್ತಿರಬೇಕು. ಲೋಗೊ, ದಾರಿಯ ನಕ್ಷೆಗಳಿಗೆ ಎಸ್‌ವಿಜಿ, ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಫೋಟೊವನ್ನು ಪಿಎನ್‌ಜಿ ಮಾಡಬೇಡಿ, ತೂಕ ಹಲವು ಪಟ್ಟು ಏರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಐಫೋನಿನ ಹೆಚ್‌ಇಐಸಿ ಹೆಚ್ಚಿನ ಬ್ರೌಸರುಗಳಲ್ಲಿ ತೆರೆಯುವುದೇ ಇಲ್ಲ.

ಮೊದಲ ಪುಟದಲ್ಲಿ ತಾನಾಗಿ ಸರಿಯುವ ಐದು ಚಿತ್ರದ ಸ್ಲೈಡರ್ ಬೇಕೆಂದು ಎಲ್ಲರೂ ಕೇಳುತ್ತಾರೆ. ಅಣ್ಣನೂ ಕೇಳಿದ್ದ. ಬೇಡ ಎಂದೆ. ಎರಡನೆಯದು ಬರುವಷ್ಟರಲ್ಲಿ ನೋಡುವವರು ಕೆಳಗೆ ಹೋಗಿರುತ್ತಾರೆ, ತೂಕ ಮಾತ್ರ ಐದರದ್ದೂ ಬೀಳುತ್ತದೆ. ಒಂದೇ ಚಿತ್ರ ಇರಲಿ. ಕೆಳಗಿನ ಚಿತ್ರಗಳಿಗೆ 'ಲೇಜಿ ಲೋಡಿಂಗ್' (ನೋಡುವವರು ಹತ್ತಿರ ಬಂದಾಗಲೇ ಚಿತ್ರ ಇಳಿಯುವ ವ್ಯವಸ್ಥೆ) ಕೊಡಿ, ಮೇಲಿನದಕ್ಕೆ ಕೊಡಬೇಡಿ. ಪ್ರತಿ ಚಿತ್ರದ ಅಗಲ ಎತ್ತರ ಕೋಡಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಚಿತ್ರ ಬಂದಾಗ ಬರಹ ಕೆಳಗೆ ಜಿಗಿದು 'ಬುಕ್ ಮಾಡಿ' ಒತ್ತಲು ಹೋದವರು ಬೇರೇನನ್ನೋ ಒತ್ತುತ್ತಾರೆ.

ತಿಂಗಳು ಬರೆಯಿರಿ

ಸ್ವಂತ ಫೋಟೊವೂ ಸುಳ್ಳು ಹೇಳಬಹುದು. ಜೋಗದ ತುಂಬು ಧಾರೆ ಮಳೆಗಾಲದ್ದು. ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದುಕೊಂಡ ಮೇಲೆ ಬೇಸಿಗೆಯಲ್ಲಿ 253 ಮೀಟರಿನ ಬಂಡೆಯೇ ಹೆಚ್ಚು ಕಾಣುವುದು. ಆಗುಂಬೆಯ ಸೂರ್ಯಾಸ್ತದ ಫೋಟೊ ನೋಡಿ ಜುಲೈಯಲ್ಲಿ ಬಂದವರಿಗೆ ಸಿಗುವುದು ಮೋಡ ಮತ್ತು ಜಿಗಣೆ. ಹಾಗಾಗಿ ಹೊರಗಿನ ಪ್ರತಿ ಫೋಟೊದ ಕೆಳಗೆ ಈಗ ತಿಂಗಳು ಹಾಕುತ್ತೇವೆ. ನಮ್ಮ ಹಳ್ಳಕ್ಕೂ ಎರಡು ಫೋಟೊ ಆಗಿದೆ, ಒಂದೇ ಜಾಗದಲ್ಲಿ ನಿಂತು ತೆಗೆದದ್ದು: ಜುಲೈ, ಏಪ್ರಿಲ್. "ಒಣ ಬಂಡೆ ಯಾರಿಗೆ ಬೇಕೋ ಮಾರಾಯ, ಬರೋರೂ ಬರಲ್ಲ" ಎಂದು ಅಣ್ಣ ಗೊಣಗಿದ್ದ. ಏಪ್ರಿಲ್‌ಗೆ ಬುಕ್ ಮಾಡುವವರು ಈಗ ಫಾಲ್ಸ್ ಎಲ್ಲಿ ಎಂದು ಕೇಳುವುದಿಲ್ಲ. ಆ ಬಂಡೆ ಮೇಲೆ ಸಂಜೆ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ, ಮಂಡಕ್ಕಿ ಅಲ್ಲಿಗೇ ತಂದುಕೊಡುತ್ತೀರಾ ಎಂದು ಕೇಳುತ್ತಾರೆ.